ದ್ವೀಪ ದೂರವಿಲ್ಲ, ದಡ ಭದ್ರವಿಲ್ಲ

ವಾರಾಂತ್ಯದಲ್ಲಿ ದ್ವೀಪವೊಂದಕ್ಕೆ ಹೋಗಿಬರುವುದು ದುಡಿಯುವ ದಂಪತಿಗಳ ಹೊಸ ಹಂಬಲ. ಮಾಲ್ಡೀವ್ಸ್, ಬಾಲಿ, ಅಂಡಮಾನ್‌ಗಳ ಹೆಸರು ಈಗ ಸಣ್ಣ ಊರುಗಳ ಮದುವೆ ಮನೆಗಳಲ್ಲಿಯೂ ಕೇಳಿಬರುತ್ತದೆ. ತೆಂಗಿನ ಮರ, ಬೆಚ್ಚನೆಯ ಗಾಳಿ, ಸುತ್ತಲೂ ನೀರು: ಜಾಹೀರಾತುಗಳು ಮಾರುವ ಉಷ್ಣವಲಯದ ದ್ವೀಪವೆಂದರೆ ಇಷ್ಟೇ. ಇಂಥದೊಂದು ದ್ವೀಪ ಮಳವಳ್ಳಿಯಿಂದ ಸುಮಾರು 25 ಕಿ.ಮೀ. ದೂರದಲ್ಲಿದೆ. ಕಾವೇರಿಯು ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕಿ ಮತ್ತೆ ಒಂದಾಗುವ ನಡುವಿನ ನೆಲವೇ ಶಿವನಸಮುದ್ರ. ಸಮಭಾಜಕ ವೃತ್ತದಿಂದ 12 ಡಿಗ್ರಿ ಉತ್ತರಕ್ಕಿರುವ ಇದು ಭೂಗೋಳದ ಲೆಕ್ಕದಲ್ಲಿಯೂ ಅಪ್ಪಟ ಉಷ್ಣವಲಯದ ದ್ವೀಪ.

ದಂಪತಿಗಳು ದ್ವೀಪಕ್ಕೆ ಹೋಗುವುದು ನಮಗೆ ಹೊಸತೂ ಅಲ್ಲ. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ ಮೂರೂ ನೆಲೆಸಿರುವುದು ಕಾವೇರಿಯ ದ್ವೀಪಗಳಲ್ಲಿಯೇ. ಕೂಡು ಕುಟುಂಬದ ಕಾಲದಲ್ಲಿ ಗಂಡಹೆಂಡಿರು ಜೊತೆಯಾಗಿ ಹೊಸ್ತಿಲು ದಾಟಲು ಹಿರಿಯರು ತಕರಾರಿಲ್ಲದೆ ಒಪ್ಪುತ್ತಿದ್ದ ಕಾರಣ ದೇವರ ದರ್ಶನವೊಂದೇ. ಬೆಂಗಳೂರಿಗೂ ಈ ದ್ವೀಪದ ಋಣವಿದೆ. 1902ರಲ್ಲಿ ಇಲ್ಲಿನ ಜಲವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಇಂದು ದಣಿದು ಬಿಡುವು ಹುಡುಕುವ ನಗರದ ಮೊದಲ ವಿದ್ಯುದ್ದೀಪ ಇದೇ ನೀರಿನದು.

ಆದರೆ ಇಲ್ಲಿಗೆ ಬರುವವರು ನಗರದವರಷ್ಟೇ ಅಲ್ಲ. ಮಂಡ್ಯದ ಶಾಲಾ ಶಿಕ್ಷಕರು, ಮದ್ದೂರಿನ ಗಾರ್ಮೆಂಟ್ ಕಾರ್ಮಿಕರು, ಕಬ್ಬು ಕಟಾವಿನ ನಡುವೆ ಒಂದು ದಿನ ಬಿಡುವು ಮಾಡಿಕೊಂಡ ಮಳವಳ್ಳಿಯ ರೈತ ದಂಪತಿಗಳೂ ಬರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಯಾದ ಮೇಲೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಗಂಡನ ಟಿಕೆಟ್ ಒಂದನ್ನೇ ಕೊಂಡರೆ ಸಾಕು. ವಿಮಾನದ ದ್ವೀಪ ಎಂದೂ ಕೈಗೆಟುಕದವರಿಗೆ ಇದೊಂದೇ ದ್ವೀಪ. ಆದ್ದರಿಂದಲೇ ಇದರ ಸ್ಥಿತಿಗತಿ ಪ್ರವಾಸೋದ್ಯಮದ ಪ್ರಶ್ನೆಯಷ್ಟೇ ಅಲ್ಲ, ಸಾಮಾನ್ಯರ ಬದುಕಿನ ಪ್ರಶ್ನೆ.

ಶಿವನಸಮುದ್ರದಲ್ಲಿಯೂ ಕೆಳಹರಿವಿನ ಮುತ್ತತ್ತಿಯಲ್ಲಿಯೂ ನೀರಿಗಿಳಿದವರು ಹೆಣವಾಗಿ ಮೇಲೆ ಬಂದ ಸುದ್ದಿಯನ್ನು ಪತ್ರಿಕೆಗಳು ಮತ್ತೆ ಮತ್ತೆ ಪ್ರಕಟಿಸಿವೆ. 'ಯುವಕರ ಹುಚ್ಚಾಟ' ಎಂದು ಹಳಿದು ಮರೆಯುವುದು ಸುಲಭ. ನಿಜವಾದ ಕಾರಣ ನದಿಯ ಸ್ವಭಾವದಲ್ಲಿದೆ. ಇಲ್ಲಿ ಮೋಡವೇ ಇಲ್ಲದ ದಿನ ಕೊಡಗಿನಲ್ಲೋ ವಯನಾಡಿನಲ್ಲೋ ಮಳೆ ಸುರಿದಿರುತ್ತದೆ. ಕನ್ನಂಬಾಡಿ ಮತ್ತು ಕಬಿನಿ ಅಣೆಕಟ್ಟೆಗಳಿಂದ ಬಿಟ್ಟ ನೀರು ತಿರುಮಕೂಡಲಿನಲ್ಲಿ ಸೇರಿ ಇಲ್ಲಿಗೆ ಬರುತ್ತದೆ. ಬೆಳಿಗ್ಗೆ ಒಣಗಿದ್ದ ಬಂಡೆ ಸಂಜೆಗೆ ಮುಳುಗಬಹುದು. ಬೇಸಿಗೆಯಲ್ಲಿ ನೀರು ವಿದ್ಯುತ್ ನಾಲೆಗೆ ತಿರುಗಿ ಹೊಳೆ ಬಡವಾದಾಗ ಅಪಾಯವಿಲ್ಲವೆನಿಸುತ್ತದೆ. ಆದರೆ ಪಾಚಿ ಕಟ್ಟಿದ ಕಲ್ಲು, ನೀರು ಕೊರೆದ ಆಳವಾದ ಗುಂಡಿಗಳು ಆಗಲೂ ಅಲ್ಲಿಯೇ ಇರುತ್ತವೆ. ಅಣೆಕಟ್ಟೆಯಿಂದ ನೀರು ಬಿಡುವ ಎಚ್ಚರಿಕೆ ನದಿಪಾತ್ರದ ಹಳ್ಳಿಗಳನ್ನು ಉದ್ದೇಶಿಸಿರುತ್ತದೆ. ಆ ದಿನವಷ್ಟೇ ಬಸ್ಸಿಳಿದು ಬಂದ ಅಪರಿಚಿತ ಜೋಡಿಯ ಕಿವಿಗೆ ಅದು ಬೀಳುವುದು ಹೇಗೆ?

ಹೊಣೆಗಾರಿಕೆಯೂ ನದಿಯಂತೆಯೇ ಕವಲೊಡೆದಿದೆ. ಗಗನಚುಕ್ಕಿಯ ವೀಕ್ಷಣಾ ತಾಣ ಮಂಡ್ಯ ಜಿಲ್ಲೆಗೆ ಸೇರಿದ್ದು. ಭರಚುಕ್ಕಿ ಚಾಮರಾಜನಗರ ಜಿಲ್ಲೆಯದು. ಸಾಲದ್ದಕ್ಕೆ ವಿದ್ಯುತ್ ನಿಗಮ, ಅರಣ್ಯ, ಪ್ರವಾಸೋದ್ಯಮ, ಮುಜರಾಯಿ, ನೀರಾವರಿ ಇಲಾಖೆಗಳು. ಪ್ರವಾಸಿಗೆ ಮಾತ್ರ ಇದು ಒಂದೇ ದ್ವೀಪ. ಒಂದೇ ದಿನದಲ್ಲಿ ಎರಡೂ ಕಡೆ ನೋಡಿ ಹೋಗುತ್ತಾನೆ. ಜಲಪಾತೋತ್ಸವದ ದೀಪಾಲಂಕಾರಕ್ಕೆ ಒಂದಾಗುವ ಆಡಳಿತ ವರ್ಷದ ಉಳಿದ ದಿನಗಳಲ್ಲಿಯೂ ಒಂದಾಗಬಾರದೇಕೆ?

ಪ್ರತಿ ಸಾವಿನ ನಂತರ ಬೇಲಿ ಹಾಕಿ 'ಪ್ರವೇಶ ನಿಷೇಧಿಸಲಾಗಿದೆ' ಎಂಬ ಫಲಕ ನೆಡುವುದು ಪರಿಹಾರವಲ್ಲ. ನೀರಿನ ಮುಂದೆ ಬಂದವರು ನೀರನ್ನು ಮುಟ್ಟಬಯಸುತ್ತಾರೆ. ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು, ಇಂದು ಹೊರಹರಿವು ಎಷ್ಟು ಎಂಬುದನ್ನು ದಡದಲ್ಲಿಯೇ ದಿನವೂ ಬರೆದು ತಿಳಿಸಬೇಕು. ನದಿಯ ಗುಣ ಬಲ್ಲ ಸ್ಥಳೀಯ ಅಂಬಿಗರಿಗೆ ತರಬೇತಿ, ಸಂಬಳ ಕೊಟ್ಟು ಕಾವಲಿಗೆ ನೇಮಿಸಬೇಕು. ಹೆಣ ಎತ್ತಲು ಕರೆಯುವ ಅವರನ್ನೇ ಜೀವ ಉಳಿಸಲು ಮೊದಲೇ ಕರೆಯುವುದು ವಿವೇಕ.

ಜೀವದ ಜೊತೆಗೆ ಮರ್ಯಾದೆಯೂ ಮುಖ್ಯ. ಶುಚಿಯಾದ ಶೌಚಾಲಯ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಕೋಣೆ, ಸಂಜೆಯ ಕೊನೆಯ ಬಸ್ಸಿನ ಖಾತರಿ ಐಷಾರಾಮದ ಬೇಡಿಕೆಗಳಲ್ಲ. ಮರದ ನೆರಳಿನಲ್ಲಿ ಕುಳಿತ ಜೋಡಿಯನ್ನು ಕಂಡೊಡನೆ 'ಮದುವೆಯಾಗಿದೆಯೇ' ಎಂದು ವಿಚಾರಣೆಗೆ ನಿಲ್ಲುವ ಸ್ವಯಂಘೋಷಿತ ಕಾವಲುಗಾರರ ಕಾಟವೂ ನಿಲ್ಲಬೇಕು. ಎರಡು ಕೋಣೆಯ ಮನೆಯಲ್ಲಿ ಅತ್ತೆಮಾವ, ಮಕ್ಕಳೊಡನೆ ಬಾಳುವ ಗಂಡಹೆಂಡತಿಗೆ ತಮ್ಮಿಬ್ಬರದೇ ಆದ ನಾಲ್ಕು ಮಾತಾಡಲು ಇರುವ ಜಾಗಗಳೇ ಎಷ್ಟು?

ಇದಕ್ಕೆಲ್ಲ ದೊಡ್ಡ ರೆಸಾರ್ಟ್ ಬೇಕಿಲ್ಲ. ರೆಸಾರ್ಟ್ ಬಂದರೆ ದಡಕ್ಕೆ ಗೋಡೆ ಏಳುತ್ತದೆ, ಬಸ್ಸಿನಲ್ಲಿ ಬಂದವರು ಗೋಡೆಯ ಹೊರಗೆ ಉಳಿಯುತ್ತಾರೆ. ಬೇಕಿರುವುದು ಎರಡೂ ಜಿಲ್ಲೆಗಳನ್ನು ಒಳಗೊಂಡ, ಉತ್ತರ ಹೇಳಬೇಕಾದ ಒಂದೇ ಪ್ರಾಧಿಕಾರ ಮತ್ತು ಬಿಡುವು ಸಿರಿವಂತರ ಸೊತ್ತಲ್ಲ ಎಂಬ ತಿಳಿವಳಿಕೆ. ಭಾನುವಾರ ಬೆಳಿಗ್ಗೆ ಇಬ್ಬರಾಗಿ ಹೊರಟವರು ಸಂಜೆ ಇಬ್ಬರಾಗಿಯೇ ಮನೆ ಸೇರುವಂತೆ ನೋಡಿಕೊಳ್ಳುವುದು ಆಡಳಿತದ ಕನಿಷ್ಠ ಕರ್ತವ್ಯ.