ಒಮ್ಮೆ ಸರಿ, ಒಮ್ಮೆ ತಪ್ಪು

ಮಕ್ಕಳೇ, ಈ ವಾರ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಂಡು ಆಮೇಲೆ ಲೆಕ್ಕಕ್ಕೆ ಬರುತ್ತೇನೆ.

ನಮ್ಮ ಮೊಮ್ಮಗಳು ಹತ್ತನೇ ತರಗತಿ. ಶಾಲೆಯ ವಸ್ತುಪ್ರದರ್ಶನಕ್ಕೆ ಪೈಥಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದಳು. ಎರಡು ಸಮೀಕರಣ ಕೊಟ್ಟರೆ ಎರಡು ಬೆಲೆ ಹೇಳುತ್ತದೆ. ಅರಸೀಕೆರೆ ಹುಡುಗಿಯಲ್ಲವೇ, ಉದಾಹರಣೆಗೆ ತೆಂಗನ್ನೇ ಹಿಡಿದಿದ್ದಳು. 3 ತೆಂಗಿನಕಾಯಿ, 2 ಎಳನೀರು ಸೇರಿ 170 ರೂಪಾಯಿ. 1 ತೆಂಗಿನಕಾಯಿ, 4 ಎಳನೀರು ಸೇರಿ 190 ರೂಪಾಯಿ. ಒಂದೊಂದರ ಬೆಲೆ ಎಷ್ಟು? ಎರಡನೆಯದನ್ನು ಮೂರರಿಂದ ಗುಣಿಸಿ, ಮೊದಲನೆಯದನ್ನು ಕಳೆಯಿರಿ. 10 ಎಳನೀರಿಗೆ 400 ರೂಪಾಯಿ ಉಳಿಯುತ್ತದೆ. ಎಳನೀರು 40, ತೆಂಗಿನಕಾಯಿ 30.

ಪ್ರದರ್ಶನದ ದಿನ ಅದು ಕೆಲವರಿಗೆ ಸರಿ ಉತ್ತರ ಕೊಟ್ಟಿತು. ಕೆಲವರಿಗೆ ತೆಂಗಿನಕಾಯಿ 40, ಎಳನೀರು 30 ಎಂದಿತು! ಅದೇ ಲೆಕ್ಕ, ಅದೇ ಲ್ಯಾಪ್‌ಟಾಪ್. ಹುಡುಗರು ನಕ್ಕರಂತೆ. ಅಳುತ್ತಾ ಮನೆಗೆ ಬಂದಳು. ನಾನು ನನ್ನದೇ ಒಂದು ಲೆಕ್ಕ ಬರೆದು, ಪ್ರೋಗ್ರಾಂ ಮುಚ್ಚಿ ತೆರೆದು ಹತ್ತು ಸಲ ಕೊಟ್ಟು ನೋಡಿದೆ. ಹತ್ತೂ ಸಲ ಸರಿ ಉತ್ತರ. "ಪ್ರೋಗ್ರಾಂ ಸರಿಯಾಗೇ ಇದೆ ಪುಟ್ಟಿ, ಅವಸರದಲ್ಲಿ ನೀನೇ ಏನೋ ತಪ್ಪಾಗಿ ಒತ್ತಿದ್ದೀಯ" ಅಂದುಬಿಟ್ಟೆ. ಮೂವತ್ತು ವರ್ಷ ಗಣಿತ ಮೇಷ್ಟ್ರಾಗಿದ್ದವನ ಜಂಬ ಅದು. ರಾತ್ರಿ ಊಟಕ್ಕೆ ಕೂತಾಗ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಹುಡುಗಿ ಸುಳ್ಳು ಹೇಳೋಳಲ್ಲ. ಇನ್ನೊಂದು ಸಲ ನೋಡಿ" ಅಂದಳು ನಿಮ್ಮಜ್ಜಿ.

ಯಾವಾಗಲೂ ತಪ್ಪುವ ಯಂತ್ರವನ್ನು ಹಿಡಿಯುವುದು ಸುಲಭ. ಒಮ್ಮೊಮ್ಮೆ ತಪ್ಪುವುದಿದೆಯಲ್ಲ, ಅದು ಡಾಕ್ಟರ ಮುಂದೆ ಕೂತ ಕೂಡಲೇ ಮಾಯವಾಗುವ ಹಲ್ಲುನೋವಿನಂತೆ. ಪ್ರೋಗ್ರಾಂನ ತಪ್ಪಿಗೆ 'ಬಗ್', ಅಂದರೆ ಹುಳ ಅನ್ನುತ್ತಾರೆ, ನಿಮಗೆ ಗೊತ್ತು. 1947ರಲ್ಲಿ ಅಮೆರಿಕದ ಹಾರ್ವರ್ಡ್ ಮಾರ್ಕ್ 2 ಎಂಬ ಕಂಪ್ಯೂಟರಿನೊಳಗೆ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು. ಕೆಲಸಗಾರರು ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟರು. ಆ ಪುಟ ಈಗಲೂ ಇದೆ. ಹುಳ ಹಿಡಿಯುವವರಿಗೆ ಪುಸ್ತಕ ಬೇಕು ಅನ್ನುವುದು ನನಗೆ ಹೊಳೆದದ್ದು ಅದರಿಂದಲೇ.

ಶನಿವಾರ ಒಂದು ಹಳೆಯ ನೋಟ್‌ಬುಕ್ ತೆಗೆದೆವು. ಈ ಸಲ ಅವಳ ಲೆಕ್ಕವನ್ನೇ ತೆಗೆದುಕೊಂಡೆವು. ಪ್ರೋಗ್ರಾಂ ಮುಚ್ಚದೆ ಒಂದೇ ಲೆಕ್ಕವನ್ನು ಇಪ್ಪತ್ತು ಸಲ ಕೊಟ್ಟೆವು. ಇಪ್ಪತ್ತೂ ಸರಿ. ಮತ್ತೆ ಪ್ರತಿ ಸಲವೂ ಮುಚ್ಚಿ ತೆರೆದು ಇಪ್ಪತ್ತು ಸಲ. ಹನ್ನೊಂದು ಸರಿ, ಒಂಬತ್ತು ತಪ್ಪು! ಕರೆಂಟು, ಬಿಸಿಲು, ಬ್ಯಾಟರಿ ಎಲ್ಲವನ್ನೂ ಒಂದೊಂದಾಗಿ ಬದಲಿಸಿ ನೋಡಿದೆವು. ಅವಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಮುಚ್ಚಿ ತೆರೆದಾಗ ಮಾತ್ರ ಏನೋ ಬದಲಾಗುತ್ತಿತ್ತು. ಏನದು?

ಭಾನುವಾರ ಮನೆಗೆ ನೆಂಟರು ಬಂದಿದ್ದರು. ಅವರನ್ನು ಕರೆದುಕೊಂಡು ಜಾವಗಲ್ ಮೇಲೆ ಹಳೇಬೀಡಿಗೆ ಹೋದೆವು. ಅದು ಹೊಯ್ಸಳರ ರಾಜಧಾನಿ ದೋರಸಮುದ್ರ. ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದದ್ದೂ ಆ ಕಾಲದಲ್ಲೇ, 12ನೇ ಶತಮಾನದಲ್ಲಿ. ಹೊಯ್ಸಳೇಶ್ವರನ ಗುಡಿಯ ಹೊರಗೋಡೆ ನೋಡಿದ್ದೀರಲ್ಲ? ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಅದರ ಮೇಲೆ ಕುದುರೆ. ನೆಂಟರ ಪುಟ್ಟ ಮಗನಿಗೆ ಅದನ್ನು ತೋರಿಸುತ್ತಿದ್ದ ನಮ್ಮ ಹುಡುಗಿ, "ಎಷ್ಟು ಸಲ ಬಂದರೂ ಆನೆ ಕೆಳಗೇ ಇರುತ್ತೆ, ಕುದುರೆ ಮೇಲೇ ಇರುತ್ತೆ" ಅಂದವಳು ತಟಕ್ಕನೆ ನಿಂತಳು.

"ತಾತ, ನನ್ನ ಪ್ರೋಗ್ರಾಂನಲ್ಲಿ ಹೆಸರುಗಳನ್ನ ನಾನು ಸಾಲಾಗಿ ಇಟ್ಟೇ ಇಲ್ಲ! ಸೆಟ್‌ನಲ್ಲಿ ಹಾಕಿದೀನಿ."

ಸೆಟ್ ಅಂದರೆ ನಿಮ್ಮ ಪುಸ್ತಕದ ಗಣವೇ. ಗಣದಲ್ಲಿ ಯಾರು ಮೊದಲು, ಯಾರು ಆಮೇಲೆ ಎಂಬುದಿಲ್ಲ. ಚೀಲಕ್ಕೆ ಹಾಕಿದ ತರಕಾರಿಯ ಹಾಗೆ. ಅವಳ ಪ್ರೋಗ್ರಾಂ ಸಮೀಕರಣಗಳಿಂದ 'ತೆಂಗಿನಕಾಯಿ', 'ಎಳನೀರು' ಎಂಬ ಹೆಸರುಗಳನ್ನು ಒಂದು ಸೆಟ್‌ಗೆ ಹಾಕಿ, ಕೈಗೆ ಸಿಕ್ಕ ಕ್ರಮದಲ್ಲಿ ಲೆಕ್ಕ ಮಾಡುತ್ತಿತ್ತು. ಕೊನೆಯಲ್ಲಿ ಮಾತ್ರ ಮೊದಲ ಉತ್ತರ ತೆಂಗಿನಕಾಯಿಯದು, ಎರಡನೆಯದು ಎಳನೀರಿನದು ಎಂದು ಅವಳೇ ಗಟ್ಟಿಯಾಗಿ ಬರೆದಿಟ್ಟಿದ್ದಳು. ಎಳನೀರು ಮೊದಲು ಕೈಗೆ ಸಿಕ್ಕ ದಿನ ಬೆಲೆಗಳು ಅದಲುಬದಲು!

ನೆಂಟರು ಬೇಲೂರು ನೋಡಲೇಬೇಕೆಂದರು. ಚೆನ್ನಕೇಶವನ ಎದುರು ನಿಂತಾಗಲೂ ಅವಳಿಗೆ ಮನೆ ಸೇರುವುದೇ ಧ್ಯಾನ.

ರಾತ್ರಿ ಕೂತು ಓದಿದೆವು. ಪೈಥಾನ್ ಪ್ರತಿ ಹೆಸರಿನಿಂದಲೂ ಒಂದು ಗುಪ್ತಸಂಖ್ಯೆ ಲೆಕ್ಕ ಹಾಕಿ, ಅದರ ಪ್ರಕಾರ ಸೆಟ್‌ನೊಳಗೆ ಜಾಗ ಕೊಡುತ್ತದೆ. ಮೊದಲು ಈ ಸಂಖ್ಯೆ ಬದಲಾಗುತ್ತಿರಲಿಲ್ಲ. ಎಲ್ಲ ಹೆಸರೂ ಒಂದೇ ಜಾಗಕ್ಕೆ ಬಂದು ಬೀಳುವಂತೆ ಬೇಕೆಂದೇ ಹೆಸರು ಕಳಿಸಿ, ದೊಡ್ಡ ಕಂಪ್ಯೂಟರುಗಳನ್ನು ಕಟ್ಟಿಹಾಕಬಹುದು ಎಂದು 2011ರ ಕೊನೆಗೆ ಇಬ್ಬರು ತಜ್ಞರು ತೋರಿಸಿಕೊಟ್ಟರು. ಅದಕ್ಕೇ 2012ರ ಪೈಥಾನ್ 3.3ರಿಂದ, ಪ್ರೋಗ್ರಾಂ ತೆರೆದಾಗಲೆಲ್ಲ ಹೊಸದೊಂದು ಬೀಜಸಂಖ್ಯೆ ಹಿಡಿದು ಈ ಲೆಕ್ಕ ನಡೆಯುತ್ತದೆ. ಕಳ್ಳರಿಗಾಗಿ ಬದಲಿಸಿದ ಬೀಗ ನಮ್ಮ ಹುಡುಗಿಯನ್ನು ಅಳಿಸಿತ್ತು.

ಆ ಬೀಜಸಂಖ್ಯೆಯನ್ನು ನಾವೇ ನಿಗದಿ ಮಾಡಲೂ ಬರುತ್ತದೆ. ಮಾಡಿ ನೋಡಿದೆವು. ಕೆಲವು ಸಂಖ್ಯೆಗೆ ಯಾವಾಗಲೂ ಸರಿ, ಕೆಲವಕ್ಕೆ ಯಾವಾಗಲೂ ತಪ್ಪು. ಹುಳ ಸಿಕ್ಕಿಬಿದ್ದಿತ್ತು! ಸಮೀಕರಣ ಬಿಡಿಸುವ 'ಸಿಂಪೈ' ಎಂಬ ದೊಡ್ಡ ತಂತ್ರಾಂಶವಿದೆ. ಅದನ್ನು ಪರೀಕ್ಷಿಸುವಾಗಲೂ ಆ ದಿನದ ಬೀಜಸಂಖ್ಯೆ ಪರದೆಯ ಮೇಲೆ ಬರುತ್ತದೆ. ತಪ್ಪಾದರೆ ಅದೇ ಸಂಖ್ಯೆ ಕೊಟ್ಟು ಅದೇ ತಪ್ಪನ್ನು ಮತ್ತೆ ಕರೆಯಬಹುದು.

ಹೆಸರುಗಳನ್ನು ಸೆಟ್‌ನಿಂದ ತೆಗೆದು ಲಿಸ್ಟ್‌ಗೆ ಹಾಕಿದಳು. ಉತ್ತರವನ್ನು ಮತ್ತೆ ಸಮೀಕರಣದಲ್ಲಿಟ್ಟು ತಾಳೆ ನೋಡುವ ಒಂದು ಸಾಲನ್ನೂ ಸೇರಿಸಿದಳು. ತೆಂಗಿನಕಾಯಿಗೆ 40, ಎಳನೀರಿಗೆ 30 ಇಟ್ಟರೆ ಮೊದಲ ಸಮೀಕರಣ 170ರ ಬದಲು 180 ಆಗುತ್ತದೆ. ತಪ್ಪು ಅಲ್ಲೇ ಬಯಲು. ಐವತ್ತು ಸಲ ಮುಚ್ಚಿ ತೆರೆದೆವು. ಐವತ್ತೂ ಸರಿ.

ಹಾಗಾದರೆ ಶುಕ್ರವಾರ ನಾನು ಮಾಡಿದ ಹತ್ತು ಪರೀಕ್ಷೆ? ಅವನ್ನೂ ಮುಚ್ಚಿ ತೆರೆದೇ ಮಾಡಿದ್ದೆನಲ್ಲ? ನಾನು ಕೊಟ್ಟಿದ್ದ ಲೆಕ್ಕದ ಚೀಟಿಯನ್ನು ಅವಳೇ ಹುಡುಕಿ ತಂದಳು. 3 ತೆಂಗಿನಕಾಯಿ, 2 ಎಳನೀರು 175 ರೂಪಾಯಿ. 1 ತೆಂಗಿನಕಾಯಿ, 4 ಎಳನೀರು 175 ರೂಪಾಯಿ. ಬಿಡಿಸಿ ನೋಡಿ. ಎರಡೂ 35! ಅದಲುಬದಲಾದರೂ ಗೊತ್ತಾಗುವುದು ಹೇಗೆ?

"ಪುಟ್ಟಿ, ತಪ್ಪಾಯ್ತು ಕಣೇ" ಅಂದೆ. ಅವಳು ಮಾತಾಡಲಿಲ್ಲ. ಚೀಟಿಗೆ ಗೋಂದು ಹಚ್ಚಿ ನೋಟ್‌ಬುಕ್ಕಿಗೆ ಅಂಟಿಸಿ, ಕೆಳಗೆ ತಾರೀಕು ಹಾಕಿ ಬರೆದಳು: "ತಾತ ಕೊಟ್ಟ ಲೆಕ್ಕ."