ಮರವಾದ ಮೇಲೂ ಬಗ್ಗಬಹುದು



"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಎಂಬ ಗಾದೆ ನಮಗೆಲ್ಲಾ ಗೊತ್ತು. ಪರೀಕ್ಷೆಯಲ್ಲಿ ಅದನ್ನು ವಿಸ್ತರಿಸಿ ಬರೆದು ಅಂಕವನ್ನೂ ಪಡೆದಿದ್ದೇವೆ. ಮಕ್ಕಳಿಗೆ ಎಳೆತನದಲ್ಲೇ ಕಲಿಸಬೇಕು ಎಂಬ ಅರ್ಥದಲ್ಲಿ ಅದು ನಿಜವೇ. ಆದರೆ ದೊಡ್ಡವರಾದ ಮೇಲೆ ಇನ್ನು ಕಲಿಯೋದಕ್ಕೆ ಆಗಲ್ಲ ಅಂತ ಅರ್ಥ ಮಾಡಿಕೊಂಡರೆ ಅದು ತಪ್ಪು. ಅದರಲ್ಲೂ ಎಳೆಯ ಗಿಡಗಳನ್ನು ನೋಡಿಕೊಳ್ಳುವವರು ತಾವು ಮರವಾದ ಮೇಲೂ ಕಲಿಯುತ್ತಲೇ ಇರಬೇಕು. ಹಾಗೆ ನೋಡಿಕೊಳ್ಳುವವರು ಬೇರೆ ಯಾರೂ ಅಲ್ಲ, ನಮ್ಮ ಅಂಗನವಾಡಿ ಟೀಚರುಗಳು.

ಈ ಮಾತು ಈಗ ಯಾಕೆ ಅಂತ ನೀವು ಕೇಳಬಹುದು. ಅಂಗನವಾಡಿ ಟೀಚರಮ್ಮ ಮೂರು ದಿನ ತರಬೇತಿಗೆ ಅಂತ ತಾಲ್ಲೂಕಿಗೆ ಹೋದರೆ ಸಾಕು, ಅರಳಿಕಟ್ಟೆಯಲ್ಲಿ ಮಾತು ಶುರುವಾಗುತ್ತದೆ. "ಇಷ್ಟು ವರ್ಷದಿಂದ ಅದೇ ಕೆಲಸ ಮಾಡ್ತಾವ್ರೆ, ಇನ್ನೇನು ಕಲಿಯೋದಿದೆ? ಮಕ್ಕಳಿಗೆ ಉಪ್ಪಿಟ್ಟು ಹಾಕಿ ಮಲಗಿಸೋಕೂ ಟ್ರೈನಿಂಗ್ ಬೇಕಾ?" ಅಂತಾರೆ. ಅದನ್ನು ಕೇಳಿದವರು ನಗುತ್ತಾರೆ. ಈ ನಗು ಸರಿಯಲ್ಲ. ಯಾಕೆ ಸರಿಯಲ್ಲ ಅನ್ನೋದಕ್ಕೆ ಅಂಗನವಾಡಿ ಎಂಬ ಹೆಸರು ಎಲ್ಲಿಂದ ಬಂತು ಅಂತ ನೋಡಿದರೂ ಸಾಕು.

ತಾರಾಬಾಯಿ ಮೋಡಕ್ ಎಂಬುವರು 1892ರಲ್ಲಿ ಹುಟ್ಟಿದವರು. ಆ ಕಾಲದಲ್ಲೇ ಬಿ.ಎ. ಓದಿ ರಾಜಕೋಟೆಯಲ್ಲಿ ಮಹಿಳಾ ಶಿಕ್ಷಕಿಯರ ಕಾಲೇಜಿಗೆ ಪ್ರಿನ್ಸಿಪಾಲರಾಗಿದ್ದರು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ಕೋರ್ಟು ಬಿಟ್ಟು, 1920ರಲ್ಲಿ ಪುಟ್ಟ ಮಕ್ಕಳಿಗಾಗಿ ಬಾಲಮಂದಿರ ತೆರೆದಿದ್ದರು. ತಾರಾಬಾಯಿ ಪ್ರಿನ್ಸಿಪಾಲ್ ಹುದ್ದೆ ಬಿಟ್ಟು ಅವರ ಹತ್ತಿರ ಕಲಿಯಲು ಹೋದರು. ದೊಡ್ಡ ಕುರ್ಚಿಯಿಂದ ಇಳಿದು ಮಕ್ಕಳ ಚಾಪೆಯ ಮೇಲೆ ಕುಳಿತರು ಅನ್ನಬಹುದು.

1945ರಲ್ಲಿ ತಾರಾಬಾಯಿಯವರು ಬೋರ್ಡಿ ಎಂಬ ಹಳ್ಳಿಗೆ ಬಂದು ಬಾಲವಾಡಿ ಶುರು ಮಾಡಿದರು. ಅದು ಮಹಾರಾಷ್ಟ್ರದ ಸಮುದ್ರ ತೀರದ ಊರು. ಆಗ ಅವರ ವಯಸ್ಸು 53. ಪೇಟೆಯ ಮಕ್ಕಳಿಗೆ ಕಲಿಸಿದ ಅನುಭವ ಬೇಕಾದಷ್ಟಿತ್ತು. ಆದರೆ ಬಡವರ ಕೇರಿಯ ಮಕ್ಕಳು ಬಾಲವಾಡಿಗೆ ಬರಲೇ ಇಲ್ಲ. ಬೇರೆಯವರಾಗಿದ್ದರೆ "ಇವರಿಗೆ ಓದಿನ ಬೆಲೆ ಗೊತ್ತಿಲ್ಲ" ಅಂತ ಬೈದು ಸುಮ್ಮನಾಗುತ್ತಿದ್ದರೋ ಏನೋ. ತಾರಾಬಾಯಿ ಹಾಗೆ ಮಾಡದೆ ತಮ್ಮ ಪದ್ಧತಿಯನ್ನೇ ಬದಲಾಯಿಸಿದರು. ಮಕ್ಕಳು ಬರದಿದ್ದರೆ ಬಾಲವಾಡಿಯೇ ಅವರ ಅಂಗಳಕ್ಕೆ ಹೋಗಲಿ ಅಂದರು. ಅಂಗನ ಎಂದರೆ ಅಂಗಳ. ಅಂಗಳದಲ್ಲಿ ನಡೆದದ್ದರಿಂದ ಅಂಗನವಾಡಿ.

ಆ ಕೆಲಸದಲ್ಲಿ ಅವರ ಜೊತೆಗೆ ನಿಂತವರು ಅನುತಾಯಿ ವಾಘ್. ಹುಟ್ಟಿದ್ದು 1910ರಲ್ಲಿ. ಹದಿಮೂರಕ್ಕೆ ಮದುವೆಯಾಗಿ ಆರೇ ತಿಂಗಳಲ್ಲಿ ವಿಧವೆಯಾದರು. ಆ ಕಾಲದಲ್ಲಿ ಅಂಥ ಹುಡುಗಿಯ ಪಾಲಿಗೆ ಮನೆಯ ಮೂಲೆಯೇ ಗತಿ. ಅನುತಾಯಿ ಮೂಲೆ ಹಿಡಿಯಲಿಲ್ಲ. ಓದಿ ಶಿಕ್ಷಕಿಯಾದರು. ಹಗಲು ಪಾಠ ಮಾಡಿ ರಾತ್ರಿ ಶಾಲೆಯಲ್ಲಿ ಕಲಿತು ಮೆಟ್ರಿಕ್ ಪಾಸು ಮಾಡಿದರು. 35ನೇ ವಯಸ್ಸಿನಲ್ಲಿ ಪುಣೆಯನ್ನು ಬಿಟ್ಟು ಬೋರ್ಡಿಗೆ ಬಂದರು. ಪದವಿ ಪಡೆದದ್ದು 1961ರಲ್ಲಿ, ಐವತ್ತು ತುಂಬಿದ ಮೇಲೆ! ನಮ್ಮ ತರಗತಿಯಲ್ಲಿ ಹತ್ತನೇ ಕ್ಲಾಸು ಮುಗಿದರೆ ಪುಸ್ತಕ ಮುಟ್ಟಲ್ಲ ಅನ್ನುವವರು ಇದನ್ನು ದಯವಿಟ್ಟು ಎರಡು ಸಲ ಓದಿ.

ಮುಂದೆ ಇಬ್ಬರೂ ಕೋಸಬಾಡ್ ಎಂಬ ಗುಡ್ಡದ ಊರಿಗೆ ಹೋಗಿ ವಾರ್ಲಿ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು. ಅಲ್ಲಿಯೂ ಹೊಸ ಪಾಠ ಕಾದಿತ್ತು. ದೊಡ್ಡ ಹುಡುಗಿಯರು ಶಾಲೆಗೆ ಬಾರದಿದ್ದದ್ದು ತಮ್ಮ ತಂಗಿಯರನ್ನು ಎತ್ತಿಕೊಳ್ಳಬೇಕಿದ್ದ ಕಾರಣಕ್ಕೆ. ಹಾಗಾಗಿ ಕೂಸುಗಳನ್ನು ನೋಡಿಕೊಳ್ಳುವ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಸೇರಿಸಿದರು. ದನ ಮೇಯಿಸುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಪಾಠ ಮಾಡಿದರು. ದುಬಾರಿ ಆಟಿಕೆಗಳಿಗೆ ಬದಲು ಎಲೆ, ಬೀಜ, ಕಲ್ಲು, ಚಿಪ್ಪುಗಳನ್ನೇ ಪಾಠದ ಸಾಮಾನು ಮಾಡಿಕೊಂಡರು. ಇದ್ಯಾವುದೂ ಅವರು ಮೊದಲು ಕಲಿತ ಪುಸ್ತಕದಲ್ಲಿ ಇರಲಿಲ್ಲ, ಮಕ್ಕಳನ್ನು ನೋಡಿ ನೋಡಿ ಕಲಿತದ್ದು. 1973ರಲ್ಲಿ ತಾರಾಬಾಯಿ ತೀರಿಕೊಂಡ ಮೇಲೂ ಅನುತಾಯಿ ನಿಲ್ಲಿಸಲಿಲ್ಲ. ಅವರಿಗೆ ಪದ್ಮಶ್ರೀಯೂ ಬಂತು. 1992ರಲ್ಲಿ ತೀರಿಕೊಂಡರು.

ಇನ್ನು ನಮ್ಮ ಕಡೆಗೆ ಬರೋಣ. ಸರ್ಕಾರದ ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ ಪ್ರಯೋಗವಾಗಿ. ಕರ್ನಾಟಕದಲ್ಲಿ ಮೊದಲು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಅಲ್ಲಿಂದ ಇಲ್ಲಿಗೆ 50 ವರ್ಷ ದಾಟಿತು. ಮೊದಲು ಟೀಚರುಗಳು ಕೂಸಿನ ತೂಕ ನೋಡಿ ಚಾರ್ಟಿನಲ್ಲಿ ಚುಕ್ಕಿ ಇಡುವುದನ್ನು ಕಲಿತರು. ರಿಜಿಸ್ಟರುಗಳನ್ನು ಬರೆಯುವುದನ್ನು ಕಲಿತರು. 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂದ ಮೇಲೆ ಅದನ್ನೆಲ್ಲ ಮೊಬೈಲಿನಲ್ಲಿ ತುಂಬುವುದನ್ನೂ ಕಲಿತರು. ಐವತ್ತು ದಾಟಿದವರೂ ಕನ್ನಡಕ ಏರಿಸಿಕೊಂಡು ಕಲಿತಿದ್ದಾರೆ. ಮರ ಬಗ್ಗಲಿಲ್ಲವೇ?

ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಕಲಿಕೆ ಮೊಬೈಲಲ್ಲ, ಮಗು. ಒಂದು ಉದಾಹರಣೆ ಕೊಡುತ್ತೇನೆ. ನಾಲ್ಕು ವರ್ಷದ ಮಗು ಒಂದರಿಂದ ಇಪ್ಪತ್ತರವರೆಗೆ ಪಟಪಟ ಹೇಳುತ್ತದೆ. ಮನೆಯವರಿಗೆ ಖುಷಿ. ಆದರೆ ಅದರ ಮುಂದೆ ಹುಣಸೆ ಬೀಜ ಸುರಿದು "ಐದು ಕೊಡು ಪುಟ್ಟಾ" ಅಂದರೆ ಕೈಗೆ ಬಂದಷ್ಟು ಬಾಚಿ ಕೊಡುತ್ತದೆ. ಬಾಯಿಗೆ ಬಂದ ಐದು ಇನ್ನೂ ಕೈಗೆ ಬಂದಿಲ್ಲ. ಇದನ್ನು ಗುರುತಿಸಿ, ಬೀಜ ಎಣಿಸುವ ಆಟ ಆಡಿಸುವುದು ಟೀಚರ ಕೆಲಸ. ಹಾಗೆಯೇ ಮಣ್ಣು ಕಲಸುವುದು, ಮಣಿ ಪೋಣಿಸುವುದು ಬರೀ ಆಟವಲ್ಲ. ಬೆರಳಿಗೆ ಹಿಡಿತ ಬಂದರೆ ಮುಂದೆ ಬಳಪ ತಾನೇ ನಿಲ್ಲುತ್ತದೆ. ಇದು ಗೊತ್ತಿಲ್ಲದ ನಾವು "ಇನ್ನೂ ಎ ಬಿ ಸಿ ಡಿ ಬರೆಸಿಲ್ವಾ?" ಅಂತ ಕೇಳಿ, ಮಗುವನ್ನು ವ್ಯಾನಿಗೆ ಹತ್ತಿಸಿ ಪೇಟೆಯ ಎಲ್‌ಕೆಜಿಗೆ ಕಳಿಸುತ್ತೇವೆ. ಹೀಗೆ ಎಲ್ಲರೂ ಕಳಿಸಿದರೆ ಅಂಗನವಾಡಿಯಲ್ಲಿ ಉಳಿಯುವುದು ವ್ಯಾನಿಗೆ ದುಡ್ಡಿಲ್ಲದವರ ಮಕ್ಕಳು ಮಾತ್ರ. ಆ ಮಕ್ಕಳಿಗೆ ಒಳ್ಳೆಯ ಟೀಚರು ಬೇಡವೇ?

ಕಲಿಯಿರಿ ಎಂದು ಹೇಳುವವರಿಗೂ ಜವಾಬ್ದಾರಿ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪಿಯುಸಿ ಅಥವಾ ಹೆಚ್ಚು ಓದಿದ ಅಂಗನವಾಡಿ ಟೀಚರುಗಳಿಗೆ 6 ತಿಂಗಳ ಸರ್ಟಿಫಿಕೇಟ್, ಕಡಿಮೆ ಓದಿದವರಿಗೆ 1 ವರ್ಷದ ಡಿಪ್ಲೊಮಾ ಎಂದು ಬರೆದಿದ್ದಾರೆ. ಒಳ್ಳೆಯದೇ. ಆದರೆ ಅಡುಗೆ ಸಾಮಾನಿನ ಲೆಕ್ಕ, ಗರ್ಭಿಣಿಯರ ಲೆಕ್ಕ, ಮನೆ ಮನೆ ಸರ್ವೆ ಎಲ್ಲವನ್ನೂ ಒಬ್ಬರ ತಲೆಗೇ ಕಟ್ಟಿದರೆ ಓದಲು ಹೊತ್ತೆಲ್ಲಿ? ಅವರಿಗೆ ಕೊಡುವ ಹಣಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಇವರಿಗೂ ಗ್ರಾಚ್ಯುಟಿ ಸಿಗಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದೇ 2022ರಲ್ಲಿ. ಹೆಸರಿನಲ್ಲಿರುವ ಗೌರವ ನಡೆಯಲ್ಲೂ ಇರಬೇಕು.

"ತರಬೇತಿ ದಿನ ಮಕ್ಕಳ ಗತಿ ಏನು?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಂಗನವಾಡಿಗೆ ಸಹಾಯಕಿ ಇದ್ದಾರೆ, ತಾಯಂದಿರ ಬಾಲವಿಕಾಸ ಸಮಿತಿ ಇದೆ. ಸಮಿತಿಯ ಇಬ್ಬರು ತಾಯಂದಿರು ಆ ದಿನ ಬಂದು ಕುಳಿತರೆ ಬಾಗಿಲು ಹಾಕುವ ಪ್ರಮೇಯವೇ ಬರಲ್ಲ. ನಮ್ಮ ಕೈಯಲ್ಲೂ ಆಗುವ ಕೆಲಸ ಇದೆ. ಭಾನುವಾರ ಹೋಗಿ ಬೀಜ, ಚಿಪ್ಪು, ಬೆಂಕಿಪೊಟ್ಟಣ ಆರಿಸಿ ಕೊಡಬಹುದು. ಮೊಬೈಲು ತಿಳಿದವರು ಟೀಚರಮ್ಮನ ಪಕ್ಕ ಕುಳಿತು ತೋರಿಸಿಕೊಡಬಹುದು. ನಮಗೆ ಮೊದಲ ಅಕ್ಷರದ ದಾರಿ ತೋರಿಸಿದವರಿಗೆ ನಾವು ಒಂದು ಬಟನ್ ತೋರಿಸಿದರೆ ದೊಡ್ಡ ಉಪಕಾರವೇನಲ್ಲ.

ಕಲಿಯುವುದನ್ನು ನಿಲ್ಲಿಸಿದ ಮೇಷ್ಟ್ರು ಕಲಿಸುವುದನ್ನೂ ನಿಲ್ಲಿಸಿದ ಹಾಗೆ. ನಮ್ಮ ಟೀಚರಮ್ಮ ನಿಲ್ಲಿಸಿಲ್ಲ. ಅವರು ಮತ್ತೆ ತರಬೇತಿಗೆ ಹೊರಟಾಗ ನಗುವ ಬದಲು "ಏನು ಕಲಿತು ಬಂದ್ರಿ ಟೀಚರ್, ನಮಗೂ ಹೇಳಿ" ಅಂತ ಕೇಳೋಣ. ಏನಂತೀರಿ? ಒಪ್ಪದವರು ತಮ್ಮ ಅಭಿಪ್ರಾಯವನ್ನು ಮುಂದಿನ ಸಂಚಿಕೆಗೆ ಬರೆದುಕೊಡಿ.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ