ಬಿಟ್ಟುಕೊಟ್ಟ ಆಸನ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿ ಬೆಳೆದ ‘ಕಂಟ್ರಿ’ ಸಂಗೀತದ ಹೆಸರಾಂತ ಗಾಯಕ ವೇಲನ್ ಜೆನಿಂಗ್ಸನು ಈ ಗಾದೆಯನ್ನು ಕೇಳಿರಲಾರನು. ಆದರೆ ಅದರ ಅರ್ಥವನ್ನು ಆತನಷ್ಟು ನೋವಿನಿಂದ ತಿಳಿದವರು ವಿರಳ.

ಆತನು ಜನಿಸಿದುದು 1937ರಲ್ಲಿ, ಟೆಕ್ಸಾಸ್ ಸಂಸ್ಥಾನದ ಲಿಟಲ್‌ಫೀಲ್ಡ್ ಎಂಬ ಪುಟ್ಟ ಊರಿನ ಸಮೀಪದಲ್ಲಿ. ಸುತ್ತಲೂ ಹತ್ತಿಯ ಹೊಲಗಳು, ಮನೆಯಲ್ಲಿ ಬಡತನ. 8ನೆಯ ವಯಸ್ಸಿನಲ್ಲಿ ತಾಯಿಯೇ ಗಿಟಾರಿನ ಮೊದಲ ಪಾಠ ಹೇಳಿಕೊಟ್ಟಳು. 16ನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟ ಹುಡುಗ ಮುಂದೆ ಲಬ್ಬಕ್ ನಗರದ ಬಾನುಲಿ ನಿಲಯದಲ್ಲಿ ಧ್ವನಿಮುದ್ರಿಕೆಗಳನ್ನು ನುಡಿಸುವ ಕೆಲಸ ಹಿಡಿದನು. ಆ ನಗರದವನೇ ಆದ ಬಡ್ಡಿ ಹಾಲಿ ಆಗಲೇ ‘ರಾಕ್ ಅಂಡ್ ರೋಲ್’ ಸಂಗೀತದಿಂದ ಜಗತ್ಪ್ರಸಿದ್ಧನಾಗಿದ್ದನು. ವಯಸ್ಸಿನಲ್ಲಿ ಒಂದು ವರ್ಷವೂ ದೊಡ್ಡವನಲ್ಲದ ಹಾಲಿ, ಈ ಬಡ ಗೆಳೆಯನನ್ನು ಕೈಹಿಡಿದೆತ್ತಿದನು. 1958ರಲ್ಲಿ ಆತನ ಮೊದಲ ಧ್ವನಿಮುದ್ರಿಕೆಯನ್ನು ತಾನೇ ನಿಂತು ಮಾಡಿಸಿದನು. ಬಳಿಕ ತನ್ನ ವಾದ್ಯವೃಂದದಲ್ಲಿ ಬಾಸ್ ಗಿಟಾರ್ ನುಡಿಸಲು ಕರೆದನು.

ಬಾಸ್ ಎಂದರೆ ನಾಲ್ಕು ದಪ್ಪ ತಂತಿಗಳ ಮಂದ್ರಸ್ವರದ ವಾದ್ಯ. ಕಟ್ಟಡಕ್ಕೆ ತಳಪಾಯವಿದ್ದಂತೆ ಹಾಡಿಗೆ ಅದು. ಕೇಳುಗರ ಗಮನಕ್ಕೆ ಬಾರದಿದ್ದರೂ ಇಲ್ಲದಿದ್ದರೆ ಎಲ್ಲವೂ ಕುಸಿದೀತು. ವೇಲನ್ ಅದನ್ನು ಅದುವರೆಗೆ ನುಡಿಸಿದವನಲ್ಲ. ಅವಸರದಲ್ಲಿ ಕಲಿತು ಹೊರಟನು.

1959ರ ಜನವರಿಯಲ್ಲಿ ಆರಂಭವಾದ ಆ ಸಂಗೀತಯಾತ್ರೆ ಕಡುಕಷ್ಟದ್ದಾಗಿತ್ತು. ಕೊರೆಯುವ ಚಳಿ, ಪದೇ ಪದೇ ಕೆಡುವ ಬಸ್ಸು. ಡ್ರಮ್ ಬಾರಿಸುವವನ ಪಾದಗಳು ಹಿಮಕ್ಕೆ ಮರಗಟ್ಟಿ ಆತ ಆಸ್ಪತ್ರೆ ಸೇರಿದನು. ಬೇಸತ್ತ ಹಾಲಿ, ಫೆಬ್ರವರಿ 2ರಂದು ಅಯೋವಾ ಸಂಸ್ಥಾನದ ಕ್ಲಿಯರ್ ಲೇಕಿನಲ್ಲಿ ಕಚೇರಿ ಮುಗಿದ ಮೇಲೆ ಮುಂದಿನ ಪ್ರಯಾಣಕ್ಕೆ ಪುಟ್ಟ ವಿಮಾನವೊಂದನ್ನು ಬಾಡಿಗೆಗೆ ಗೊತ್ತುಮಾಡಿದನು. ಅದರಲ್ಲಿ ವೇಲನ್‌ಗೂ ಸ್ಥಳವಿತ್ತು. ಆದರೆ ಜ್ವರದಿಂದ ನರಳುತ್ತಿದ್ದ ಸಹಗಾಯಕ ಜೆ. ಪಿ. ರಿಚರ್ಡ್‌ಸನ್ ಕೇಳಿಕೊಂಡಾಗ, ಆತನು ತನ್ನ ಆಸನವನ್ನು ಬಿಟ್ಟುಕೊಟ್ಟನು.

ವಿಷಯ ತಿಳಿದ ಹಾಲಿ, ನಿಮ್ಮ ಬಸ್ಸು ಹೆಪ್ಪುಗಟ್ಟಿ ನಿಲ್ಲಲಿ ಎಂದು ನಗೆಯಾಡಿದನು. ನಿನ್ನ ವಿಮಾನ ಬೀಳಲಿ ಎಂದು ಗೆಳೆಯನೂ ನಗೆಯಾಡಿದನು. ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ ಮೇಲೇರಿದ ವಿಮಾನ ಕೆಲವೇ ನಿಮಿಷಗಳಲ್ಲಿ ಹೊಲವೊಂದರಲ್ಲಿ ಉರುಳಿತು. ಹಾಲಿ, ರಿಚರ್ಡ್‌ಸನ್, 17 ವರ್ಷದ ರಿಚೀ ವ್ಯಾಲೆನ್ಸ್ ಮತ್ತು ವಿಮಾನಚಾಲಕ—ಯಾರೊಬ್ಬರೂ ಉಳಿಯಲಿಲ್ಲ. ಹಾಲಿಗೆ ಆಗ 22 ವರ್ಷ.

ಅಂದಿನ ರಾತ್ರಿಯ ಕಚೇರಿ ನಿಲ್ಲಲಿಲ್ಲ. ಹಾಲಿಯ ಹಿಂದೆ ನಿಂತು ಬಾಸ್ ನುಡಿಸುತ್ತಿದ್ದವನೇ ಮುಂದೆ ಬಂದು ಹಾಡಬೇಕಾಯಿತು. ಹಿಂದೆ ನಿಂತವನು ಗಾಯಕನಾದುದು ಹೀಗೆ! ಆದರೆ ನಗೆಯಲ್ಲಿ ಆಡಿದ ಆ ಮಾತೇ ಗೆಳೆಯನನ್ನು ಕೊಂದಿತೇನೋ ಎಂಬ ಕೊರಗು ಆತನನ್ನು ಬಹುಕಾಲ ಬಿಡಲಿಲ್ಲ. ಸಂಗೀತದಲ್ಲಿ ಉತ್ಸಾಹ ಕುಂದಿ, ಮತ್ತೆ ಬಾನುಲಿಯ ಕೆಲಸಕ್ಕೆ ಮರಳಿದನು.

ಕಾಲವೇ ಗಾಯವನ್ನು ಮಾಯಿಸಬೇಕಷ್ಟೆ. ಅರಿಜೋನಾದ ಫೀನಿಕ್ಸ್ ನಗರದ ಸುತ್ತಮುತ್ತ ಹಾಡಿ ಹೆಸರು ಪಡೆದ ವೇಲನ್‌ನನ್ನು 1965ರಲ್ಲಿ ಆರ್‌ಸಿಎ ಸಂಸ್ಥೆ ಸೇರಿಸಿಕೊಂಡಿತು. ಕಂಟ್ರಿ ಸಂಗೀತದ ರಾಜಧಾನಿಯಾದ ನ್ಯಾಶ್‌ವಿಲ್‌ನಲ್ಲಿ ನೆಲೆಸಿದನು. ಅಲ್ಲಿನ ಪದ್ಧತಿಯಂತೆ ಹಾಡಿನ ಆಯ್ಕೆಯಿಂದ ಪಕ್ಕವಾದ್ಯದವರೆಗೆ ಎಲ್ಲವನ್ನೂ ನಿರ್ಮಾಪಕರೇ ನಿಶ್ಚಯಿಸುತ್ತಿದ್ದರು. ಗಾಯಕನದು ಕಂಠ ಮಾತ್ರ. ನಿನ್ನ ಸಂಗೀತವನ್ನು ಇತರರ ಇಚ್ಛೆಗೆ ಒಪ್ಪಿಸಬೇಡವೆಂಬುದು ಹಾಲಿಯಿಂದ ಕಲಿತ ಪಾಠ. ವೇಲನ್ ಹಟ ಹಿಡಿದನು. 1972ರಲ್ಲಿ, ತನಗೆ ಬೇಕಾದುದನ್ನು ತನ್ನವರೊಡನೆ ಹಾಡುವ ಸ್ವಾತಂತ್ರ್ಯವನ್ನು ಒಪ್ಪಂದದಲ್ಲಿಯೇ ಬರೆಯಿಸಿಕೊಂಡನು. ಬಂಡಾಯಗಾರರೆಂದು ಹೆಸರಾದ ಆತನ ಗುಂಪಿನ ‘ವಾಂಟೆಡ್! ದಿ ಔಟ್‌ಲಾಸ್’ ಧ್ವನಿಮುದ್ರಿಕೆ 1976ರಲ್ಲಿ ಹೊರಬಂದು, ಹತ್ತು ಲಕ್ಷ ಪ್ರತಿಗಳು ಮಾರಾಟವಾದುದಕ್ಕೆ ಅಧಿಕೃತ ಮನ್ನಣೆ ಪಡೆದ ಮೊದಲ ಕಂಟ್ರಿ ಮುದ್ರಿಕೆಯಾಯಿತು.

ಕೀರ್ತಿಯ ಜೊತೆಗೆ ಕೊಕೇನಿನ ಚಟವೂ ಬಂದಿತು. 1984ರಲ್ಲಿ ಅದನ್ನು ತೊರೆದನು. ಚಿಕ್ಕ ಮಗನಿಗೆ ವಿದ್ಯೆಯ ಬೆಲೆ ತಿಳಿಯಲೆಂದು, ತಾನು ಬಿಟ್ಟಿದ್ದ ಶಾಲಾ ಪರೀಕ್ಷೆಗೆ 52ನೆಯ ವಯಸ್ಸಿನಲ್ಲಿ ಓದಿ ತೇರ್ಗಡೆಯಾದನು. 2002ರ ಫೆಬ್ರವರಿ 13ರಂದು ತೀರಿಕೊಂಡನು.

ಆತನ 42ನೆಯ ಹುಟ್ಟುಹಬ್ಬಕ್ಕೆ, ಹಾಲಿಯ ಹಳೆಯ ಸಂಗಾತಿಗಳು ಒಂದು ಕಾಣಿಕೆ ತಂದಿದ್ದರು. ಅದು 1958ರಲ್ಲಿ ಹಾಲಿ ಕೊಂಡಿದ್ದ ಮೋಟಾರ್ ಸೈಕಲ್ಲು. ಹಾಲಿಯನ್ನು ಅತ್ಯಂತ ಹತ್ತಿರದಿಂದ ಬಲ್ಲವರು ಅದನ್ನು ಹುಡುಕಿ ತಂದು ಒಪ್ಪಿಸಿದ್ದು ವೇಲನ್‌ಗೇ. ಗೆಳೆಯನ ಸಾವಿನ ಲೆಕ್ಕವನ್ನು ಆತನು ತನ್ನ ಮೇಲೆಯೇ ಬರೆದುಕೊಂಡಿರಬಹುದು. ಅವರಾರೂ ಹಾಗೆ ಬರೆದಿರಲಿಲ್ಲ.